ದಿನಕ್ಕೆ ನೂರಾ ಎರಡು ಮಾತ್ರೆ

ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ಸಾಲುವುದಿಲ್ಲ ಎಂಬ ಜ್ಞಾನೋದಯ ನನಗಾದದ್ದು ಬಸ್ಸಿನ ಕಂಬಿಗೆ ಹಣೆ ಒತ್ತಿಕೊಂಡು ನಿಂತಿದ್ದಾಗ. ಬೆಳಿಗ್ಗೆ ಒಂಬತ್ತರಿಂದ ಮೂರರ ತನಕ ಔಷಧಶಾಸ್ತ್ರದ ಕಾಲೇಜು. ಸಂಜೆ ನಾಲ್ಕರಿಂದ ಎಂಟರ ತನಕ ಔಷಧಿ ಅಂಗಡಿಯಲ್ಲಿ ತರಬೇತಿ. ಎರಡು ಗಂಟೆ ಬಸ್ಸಿಗೆ. ಹಿಂದಿನ ವರ್ಷ ಕೈಕೊಟ್ಟ ಎರಡು ವಿಷಯಗಳು ಈ ವರ್ಷದ ಆರರ ಜೊತೆ ಸಂಸಾರ ಹೂಡಿ ಎಂಟಾಗಿದ್ದವು. ಓದಲು ಕೂತರೆ ನಿದ್ದೆ, ಮಲಗಿದರೆ ಓದಿನ ಚಿಂತೆ. ಎರಡನ್ನೂ ಅರ್ಧರ್ಧ ಮಾಡಿ ಎರಡರಲ್ಲೂ ನಪಾಸಾಗುತ್ತಿದ್ದೆ.

ಇವೆಲ್ಲದರ ಮೇಲೆ ಕೂತಿದ್ದದ್ದು ತರಬೇತಿ ಪುಸ್ತಕ. ನೀಲಿ ರಟ್ಟಿನದು, ಅಂಗೈಯಗಲದ್ದು. ಅದರಲ್ಲಿ ಐನೂರು ಗಂಟೆ ಕೆಲಸ ತುಂಬಿಸಿ, ಅಂಗಡಿಯ ಯಜಮಾನರ ಸಹಿ ಹಾಕಿಸಿ, ತಿಂಗಳ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ಕಾಲೇಜಿನ ಗುಮಾಸ್ತರ ಮೇಜಿನ ಮೇಲಿಡಬೇಕು. ಇಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಒಂದು ವರ್ಷ ನೀರಿನಲ್ಲಿ ಹೋಮ.

ಇಂಥ ಹೊತ್ತಿನಲ್ಲಿ ಯಾರೋ ಬರೆದದ್ದು ನನ್ನ ಫೋನಿನಲ್ಲಿ ಕಣ್ಣಿಗೆ ಬಿತ್ತು. ಮನುಷ್ಯ ಒಟ್ಟಿಗೆ ಎಂಟು ಗಂಟೆ ಮಲಗುವುದು ಬರೀ ರೂಢಿಯಂತೆ. ನಾಲ್ಕು ಗಂಟೆಗೊಮ್ಮೆ ಇಪ್ಪತ್ತು ನಿಮಿಷ, ದಿನಕ್ಕೆ ಆರು ಸಲ ಮಲಗಿದರೆ ಸಾಕಂತೆ. ಒಟ್ಟು ಎರಡೇ ಗಂಟೆ. ಉಳಿದ ಇಪ್ಪತ್ತೆರಡು ಗಂಟೆ ನಮ್ಮದು! ಓದಿದ ಕೂಡಲೇ ನನಗೆ ಅರಸೊತ್ತಿಗೆ ಸಿಕ್ಕಷ್ಟು ಸಂತೋಷವಾಯಿತು. ಬರೆದವನು ಆಮೇಲೆ ಏನಾದ ಎಂದು ವಿಚಾರಿಸಬೇಕೆನ್ನುವ ಬುದ್ಧಿ ಮಾತ್ರ ಬರಲಿಲ್ಲ.

ನಾನಿದ್ದದ್ದು ಅತ್ತೆಯ ಮನೆಯಲ್ಲಿ. ಅತ್ತೆಯೆಂದರೆ ಅಪ್ಪನ ಅಕ್ಕ. ಹೊಲಿಗೆ ಅವಳ ವೃತ್ತಿ. ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಹೊಂದಿಸಿದ ಕಾಲುಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದ ಮೇಜು, ಗೋಡೆಯ ತುಂಬ ಅರ್ಧ ಹೊಲಿದ ಅಂಗಿಗಳು. ಅತ್ತೆಯ ಅಪ್ಪ, ಅಂದರೆ ನನ್ನ ತಾತ, ಪದ್ಯ ಓದುವುದರಲ್ಲಿ ಹೆಸರಾದವರು. ಆಸ್ತಿಯೆಂದು ಮಗಳಿಗೆ ಬಿಟ್ಟುಹೋದದ್ದು ಕಂಠಪಾಠವಾದ ಸಾವಿರಾರು ಷಟ್ಪದಿಗಳನ್ನು. ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಒಂದು ಕ್ಷಣ ಕಣ್ಣುಮುಚ್ಚಿ ಕೈಮುಗಿದು, ಅತ್ತೆ ಪದ್ಯ ಎತ್ತಿಕೊಂಡರೆ ಕಾಲು ತಾನಾಗಿ ಹಿಂಬಾಲಿಸುತ್ತಿತ್ತು. ಮೂರು, ನಾಲ್ಕು, ಮೂರು, ನಾಲ್ಕು. ತಕಿಟ ತಕಧಿಮಿ, ತಕಿಟ ತಕಧಿಮಿ. ನಾನು ಹಿಂದಿನ ಕೋಣೆಯಲ್ಲಿ ಪುಸ್ತಕ ಹಿಡಿದು ಸುಮ್ಮನೆ ಕೇಳುತ್ತಿದ್ದೆ. ಅರ್ಥವಾಗದ ಸಾಲುಗಳೂ ಕಿವಿಯಲ್ಲಿ ನಿಲ್ಲುತ್ತಿದ್ದವು. ಅರ್ಥವಾಗಬೇಕಾದ ಪಾಠಗಳು ಮಾತ್ರ ನಿಲ್ಲುತ್ತಿರಲಿಲ್ಲ.

ಅತ್ತೆ ಎಲ್ಲವನ್ನೂ ಮಾತ್ರೆಯಲ್ಲೇ ಅಳೆಯುವವಳು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು ಎಂದು ಶಾಲೆಯಲ್ಲಿ ಎಲ್ಲರೂ ಕಲಿತು ಮರೆಯುತ್ತೇವೆ, ಅತ್ತೆ ಮರೆತಿರಲಿಲ್ಲ. ಕಾಲರಿಗೆ ಎರಡು ಪದ್ಯ, ತೋಳಿಗೆ ಮೂರು, ಗುಂಡಿಯ ಕಾಜಕ್ಕೆ ಒಂದು ಸಾಲು. ಗಡಿಯಾರದ ನಿಮಿಷ ಕೂಡ ಅವಳ ಬಾಯಲ್ಲಿ ಮಾತ್ರೆಯೇ. "ಹತ್ತು ಮಾತ್ರೆ ತಡಿಯೇ, ಬಂದೆ" ಎಂದರೆ ಹತ್ತು ನಿಮಿಷ ಎಂದು ತಿಳಿದುಕೊಳ್ಳಬೇಕು.

ಎರಡು ದಿನ ರಜೆ ಸಿಕ್ಕಾಗ ನಾನು ಹೊಸ ನಿದ್ದೆ ಶುರುಮಾಡಿದೆ. ಇಪ್ಪತ್ತು ನಿಮಿಷದ್ದು, ಆರು ಸಲ. ಮೊದಲನೆಯ ದಿನ ನಿದ್ದೆ ಬರಬೇಕಾದಾಗ ಬರಲಿಲ್ಲ. ಎರಡನೆಯ ದಿನ ಬಂದದ್ದು ಹೋಗಲಿಲ್ಲ. ಸಂಜೆ ಆರಕ್ಕೆ ಮಲಗಿದವಳನ್ನು ಅತ್ತೆ ಒಂಬತ್ತಕ್ಕೆ ಅಳತೆಯ ಕೋಲಿನಿಂದ ತಿವಿದು ಎಬ್ಬಿಸಿದಳು.

"ಏನೇ ಇದು, ಹೊತ್ತಿಲ್ಲ ಗೊತ್ತಿಲ್ಲ? ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರೆ. ನಿನಗೆ ಚಿಂತೆನೂ ಇದೆ, ನಿದ್ದೆನೂ ಇದೆ!"

ನಾನು ಹಾಳೆಯಲ್ಲಿ ಬರೆದುಕೊಂಡ ವೇಳಾಪಟ್ಟಿ ತೋರಿಸಿ ವಿವರಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿದಳು. ಬೈಯುತ್ತಾಳೆಂದುಕೊಂಡಿದ್ದೆ. ಬೈದಳು, ಆದರೆ ಬೇರೆ ಕಾರಣಕ್ಕೆ.

"ಆರು ಸಾಲೂ ಇಪ್ಪತ್ತಿಪ್ಪತ್ತೇ? ಇದ್ಯಾವ ಸೀಮೆ ಪದ್ಯನೇ? ಆರು ಸಾಲು ಅಂದ್ಮೇಲೆ ಮೂರನೇದು, ಆರನೇದು ಉದ್ದ ಇರಬೇಕು. ಇಲ್ದಿದ್ರೆ ಉಸಿರು ನಿಲ್ಲೋದೆಲ್ಲಿ? ಅದಕ್ಕೇ ನಿನಗೆ ಎಚ್ಚರ ಆಗ್ತಿಲ್ಲ."

"ಅತ್ತೆ, ಇದು ನಿದ್ದೆ. ಪದ್ಯ ಅಲ್ಲ."

"ನಡೆ ಅನ್ನೋದು ಎಲ್ಲದಕ್ಕೂ ಇರುತ್ತೆ ಕಣೆ. ತಗೋ, ಬರ್ಕೋ. ಹದಿನಾಲ್ಕು, ಹದಿನಾಲ್ಕು, ಇಪ್ಪತ್ಮೂರು. ಮತ್ತೆ ಹದಿನಾಲ್ಕು, ಹದಿನಾಲ್ಕು, ಇಪ್ಪತ್ಮೂರು. ನೋಡು, ಎಷ್ಟು ಲಕ್ಷಣವಾಗಿದೆ!"

ಕೂಡಿಸಿ ನೋಡಿದೆ. ನೂರಾ ಎರಡು. ಎರಡು ಗಂಟೆಯಲ್ಲೂ ಹದಿನೆಂಟು ನಿಮಿಷ ಉಳಿತಾಯ! ಅತ್ತೆಯನ್ನು ಅಪ್ಪಿಕೊಂಡೆ. ನಿದ್ದೆಗೆಟ್ಟವರಿಗೆ ಇಂಥ ಲೆಕ್ಕ ಲಾಭದ ಹಾಗೆಯೇ ಕಾಣುತ್ತದೆ.

ಸೋಮವಾರದಿಂದ ನನ್ನ ಬದುಕು ಷಟ್ಪದಿಯಾಯಿತು. ಬೆಳಿಗ್ಗೆ ಆರಕ್ಕೆ ಮೊದಲ ಸಾಲು, ಮನೆಯಲ್ಲಿ. ಹತ್ತಕ್ಕೆ ಎರಡನೆಯದು, ಕಾಲೇಜಿನ ಗ್ರಂಥಾಲಯದಲ್ಲಿ. ಯಾರೂ ಮುಟ್ಟದ ದಪ್ಪ ಪುಸ್ತಕಗಳ ಕಪಾಟಿನ ಹಿಂದೆ. ಮಧ್ಯಾಹ್ನ ಎರಡಕ್ಕೆ ಮೂರನೆಯದು, ಉದ್ದದ್ದು. ಅದನ್ನು ಪ್ರಯೋಗಾಲಯದಲ್ಲಿ ದ್ರಾವಣ ಕುದಿಯಲು ಬಿಟ್ಟು ಕೂತಲ್ಲೇ ಮುಗಿಸುತ್ತಿದ್ದೆ. ಪಕ್ಕದ ಬೆಂಚಿನವಳು ನನಗೆ ಗೂಬೆ ಎಂದು ಹೆಸರಿಟ್ಟಳು.

"ಗೂಬೆ ರಾತ್ರಿನಾದ್ರೂ ಎಚ್ಚರ ಇರುತ್ತೆ ಕಣೇ," ಎಂದು ಒಂದು ವಾರದ ಮೇಲೆ ಅವಳೇ ತಿದ್ದಿಕೊಂಡಳು. "ನೀನು ಯಾವಾಗಲೂ ಅರ್ಧಂಬರ್ಧ."

ಸಂಜೆ ಆರಕ್ಕೆ ನಾಲ್ಕನೆಯ ಸಾಲು. ಅದು ಅಂಗಡಿಯಲ್ಲಿ. ಅಂಗಡಿಯ ಹಿಂದೆ ಕಿಟಕಿಯಿಲ್ಲದ ದಾಸ್ತಾನು ಕೋಣೆ. ಕೆಮ್ಮಿನ ಸಿರಪ್ಪಿನ ಪೆಟ್ಟಿಗೆಗಳನ್ನು ಸೊಂಟದೆತ್ತರಕ್ಕೆ ಜೋಡಿಸಿದ್ದರು. "ಸರ್, ದಾಸ್ತಾನು ನೋಡ್ಕೊಂಡು ಬರ್ತೀನಿ" ಎಂದು ಒಳಗೆ ಹೋಗಿ, ಅದರ ಮೇಲೆ ಮೈಚಾಚಿ, ಫೋನನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಹದಿನಾಲ್ಕು ನಿಮಿಷಕ್ಕೆ ಅದು ನಡುಗಿದಾಗ ನಾನೂ ನಡುಗಿ ಏಳುತ್ತಿದ್ದೆ. ಕೆನ್ನೆಯ ಮೇಲೆ 'ಈ ಬದಿ ಮೇಲೆ' ಎಂಬ ಅಕ್ಷರಗಳು ಉಲ್ಟಾ ಅಚ್ಚಾಗಿರುತ್ತಿದ್ದವು.

ಯಜಮಾನರು ಮಿತಭಾಷಿ. ಬಿಳಿ ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ಅಂಗಡಿಯಲ್ಲಿ ಅವರದ್ದೊಂದೇ ನಿಯಮ: ಯಾರೇ ಬರೆದ ಲಕೋಟೆಯಾಗಲಿ, ಅವರ ಕಣ್ಣ ಕೆಳಗೆ ಹಾದೇ ಗಿರಾಕಿಯ ಕೈಗೆ ಹೋಗಬೇಕು. ಮಾತ್ರೆಗಳನ್ನು ಲಕೋಟೆಗೆ ಹಾಕಿ, ಮೇಲೆ ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು, ರಾತ್ರಿ ಎಷ್ಟು ಎಂದು ಬರೆಯುವುದು ನನ್ನ ಕೆಲಸ.

ಮೂರನೆಯ ವಾರ ಮುಗಿಯುವ ಹೊತ್ತಿಗೆ ನಾನು ಪಟ್ಟಿಯಲ್ಲಿಲ್ಲದ ನಿದ್ದೆಗಳನ್ನೂ ಮಾಡುತ್ತಿದ್ದೆ. ಬಸ್ಸಿನಲ್ಲಿ, ಸರತಿಯಲ್ಲಿ, ಹಲ್ಲುಜ್ಜುವಾಗ. ಗಡಿಯಾರದ ಸದ್ದು, ಬಸ್ಸಿನ ಸದ್ದು, ಮಾತಿನ ಸದ್ದು ಎಲ್ಲವೂ ಅತ್ತೆಯ ಕಾಲುಯಂತ್ರದಂತೆಯೇ ಕೇಳುತ್ತಿತ್ತು. ಆ ಶನಿವಾರ ಸಂಜೆ ವಯಸ್ಸಾದ ಒಬ್ಬ ಕ್ಷೌರಿಕರು ರಕ್ತದೊತ್ತಡದ ಮಾತ್ರೆಗೆ ಬಂದರು. ಚೀಟಿ ಓದಿದೆ, ಲಕೋಟೆ ತುಂಬಿದೆ, ಮೇಲೆ ಬರೆದೆ, ಯಜಮಾನರ ಕಡೆ ಸರಿಸಿದೆ.

ಅವರು ಬಹಳ ಹೊತ್ತು ಲಕೋಟೆಯನ್ನೇ ನೋಡಿದರು.

"ಬೆಳಿಗ್ಗೆ ಮೂರು, ಮಧ್ಯಾಹ್ನ ನಾಲ್ಕು, ರಾತ್ರಿ ಮೂರು," ಎಂದು ಮೆಲ್ಲಗೆ ಓದಿದರು. "ಆಮೇಲೆ ಇನ್ನೊಂದು ನಾಲ್ಕು ಇದೆಯಲ್ಲಮ್ಮಾ? ರಾತ್ರಿ ಆದ್ಮೇಲೆ ಇನ್ಯಾವ ಹೊತ್ತು?"

ಚೀಟಿಯಲ್ಲಿದ್ದದ್ದು ಬೆಳಿಗ್ಗೆ ಒಂದು, ರಾತ್ರಿ ಒಂದು. ನಾನು ಬರೆದದ್ದು ಮೂರು-ನಾಲ್ಕು-ಮೂರು-ನಾಲ್ಕು.

ಯಜಮಾನರು ಆ ಲಕೋಟೆಯನ್ನು ಹರಿದು, ಬೇರೊಂದು ಬರೆದು, ಕ್ಷೌರಿಕರನ್ನು ನಗುತ್ತಾ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದಾಗ ನಗು ಇರಲಿಲ್ಲ.

"ಏನಾದ್ರೂ ತಗೊಳ್ತಾ ಇದ್ದೀಯೇನಮ್ಮ?"

"ಇಲ್ಲ ಸರ್. ಓದು ಜಾಸ್ತಿ, ಅಷ್ಟೇ."

ಅವರು ತಲೆಯಾಡಿಸಿದರು. ನಂಬಿದ ತಲೆಯಾಟವಲ್ಲ.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ಎರಡಕ್ಕೆ ನಾನು ಅತ್ತೆಯ ಮೇಜಿನ ಕೆಳಗೆ, ಚೂರುಬಟ್ಟೆಗಳ ಗುಡ್ಡೆಯ ಮೇಲೆ, ಉದ್ದದ ಸಾಲಿಗೆ ಬಿದ್ದುಕೊಂಡಿದ್ದೆ. ಆಗ ಮೇಲೆ ಎಲ್ಲೋ ಯಜಮಾನರ ದನಿ ಕೇಳಿಸಿತು. ಹೊಸ ಬಿಳಿ ಕೋಟಿನ ಅಳತೆ ನೋಡಲು ಅವರು ಅತ್ತೆಯ ಹತ್ತಿರ ಬಂದಿದ್ದರು. ನನಗೋ ಅದೊಂದು ಕನಸು. ಅವರ ಚಪ್ಪಲಿ ಕಾಣುತ್ತಿತ್ತು, ಅತ್ತೆಯ ಪಾದ ಕಾಣುತ್ತಿತ್ತು. ಕನಸಿನಲ್ಲಿ ಬರೀ ಕಾಲುಗಳು ಬರುವುದುಂಟಲ್ಲ ಎಂದುಕೊಂಡು ಹಾಯಾಗಿ ಕೇಳಿಸಿಕೊಂಡೆ.

"ಉಸಿರು ಬಿಡಿ ಯಜಮಾನ್ರೇ. ಒಳಗೆಳ್ಕೊಂಡ ಹೊಟ್ಟೆಗೆ ನಾನು ಹೊಲಿಯಲ್ಲ."

"ಎಳ್ಕೊಂಡಿಲ್ಲಮ್ಮ. ಇರೋದೇ ಇಷ್ಟು."

"ಹಾಗಾದ್ರೆ ಮಾತಾಡಿ. ಮಾತಾಡ್ತಾ ಹೊಟ್ಟೆ ಎಳ್ಕೊಳ್ಳೋಕೆ ಯಾರಿಗೂ ಆಗಲ್ಲ."

ಯಜಮಾನರು ಮಾತಾಡಿದರು. "ನಿಮ್ಮ ಸೊಸೆ ಮನೇಲಿ ಹೇಗಿರ್ತಾಳೆ? ನಿನ್ನೆ ಯಾಕೋ ಮಂಕಾಗಿದ್ಲು."

ಅತ್ತೆಯ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಮಾತು ಸೋಸಿಕೊಂಡು, ಬೇಕಾದ್ದು ಒಳಗೇ ಉಳಿದು, ಬರುತ್ತಿತ್ತು. "ಅವ್ಳಾ? ಈಗ ಒಂದು ಕ್ರಮಕ್ಕೆ ತಂದಿದೀನಿ. ಮೊದ್ಲು ಹದಿನಾಲ್ಕು ಮಾತ್ರೆ. ಆಮೇಲೆ ಇನ್ನೊಂದು ಹದಿನಾಲ್ಕು. ಮೂರನೇದಕ್ಕೆ ಇಪ್ಪತ್ಮೂರು. ಮತ್ತೆ ಅದೇ ಥರ ಇನ್ನೊಂದ್ಸಲ. ಒಟ್ಟು ನೂರಾ ಎರಡು."

ಚಪ್ಪಲಿಗಳು ಒಂದು ಹೆಜ್ಜೆ ಹಿಂದಕ್ಕೆ ಸರಿದವು.

"ಅಲ್ಲಾಡ್ಬೇಡಿ, ಚುಚ್ಚುತ್ತೆ."

"ನೂರಾ ಎರಡು ಮಾತ್ರೆನಾ? ದಿನಕ್ಕಾ?"

"ಹೂಂ. ಮೊದ್ಲು ಅವಳೇ ಇಪ್ಪತ್ತಿಪ್ಪತ್ತು ಅಂತ ಏನೋ ಮಾಡ್ಕೊಂಡಿದ್ಲು, ತಿಳೀದೆ. ನಾನೇ ಕಮ್ಮಿ ಮಾಡಿಸ್ದೆ."

"ಯಾರಮ್ಮ ಇದನ್ನ ಬರೆದುಕೊಟ್ಟೋರು?"

"ಬರೆದುಕೊಡೋದೇನು ಬಂತು, ಎಲ್ಲಾ ಬಾಯಲ್ಲೇ. ನಮ್ಮಪ್ಪ ನನಗೆ ಐದನೇ ವರ್ಷಕ್ಕೇ ಶುರು ಮಾಡ್ಸಿದ್ರು."

"ಐದನೇ ವರ್ಷಕ್ಕೆ!"

"ಬೆಳಿಗ್ಗೆ ಎದ್ದ ತಕ್ಷಣ. ತಪ್ಪಿದ್ರೆ ತಲೆ ಮೇಲೊಂದು ಬೀಳೋದು. ಇವತ್ತಿಗೂ ಬಿಟ್ಟಿಲ್ಲ ನೋಡಿ. ಅದಿಲ್ದೆ ನನಗೆ ಮಿಷನ್ ಮೇಲೆ ಕಾಲೇ ಓಡಲ್ಲ."

"ಅಂದ್ರೆ, ನೀವೂನಾ..."

"ಒಂದು ಮಾತ್ರೆ ಹೆಚ್ಚುಕಮ್ಮಿ ಆದ್ರೂ ಎಡವಿದ ಹಾಗಾಗುತ್ತೆ ಯಜಮಾನ್ರೇ. ಅದಕ್ಕೇ ಅವಳಿಗೆ ಹೇಳಿದೀನಿ, ಕೊನೇಲಿ ಒಂದು ಗುರು ಇರ್ಲೇಬೇಕು ಅಂತ."

"ಗುರು ಯಾಕಮ್ಮ, ಮೊದ್ಲು ಡಾಕ್ಟ್ರು ಬೇಕು!"

"ಗುರು ಇಲ್ದಿದ್ರೆ ಲಘು ಆಗ್ಬಿಡುತ್ತೆ."

"ಇದನ್ನ ಲಘುವಾಗಿ ತಗೊಳ್ಳೋಕಾಗುತ್ತೇನಮ್ಮ?"

"ಅದೇ ನಾನೂ ಹೇಳೋದು," ಎಂದಳು ಅತ್ತೆ ತೃಪ್ತಿಯಿಂದ. ಕಡೆಗೂ ಒಬ್ಬ ರಸಿಕ ಸಿಕ್ಕಿದನೆಂಬ ಸಂತೋಷ ಆ ದನಿಯಲ್ಲಿತ್ತು. "ಕೈ ಎತ್ತಿ, ತೋಳು ನೋಡ್ತೀನಿ."

ಇಷ್ಟು ಸೊಗಸಾದ ಕನಸು ಬಿದ್ದು ಬಹಳ ದಿನವಾಗಿತ್ತು. ಮಗ್ಗುಲಾಗಿ ಮಲಗಿದೆ.

ಸೋಮವಾರ ಸಂಜೆ ನಾಲ್ಕಕ್ಕೆ ಅಂಗಡಿಗೆ ಹೋದರೆ ಯಜಮಾನರು ನನ್ನನ್ನು ತೂಕದ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಪುಟ್ಟ ಟಾರ್ಚು ಹಚ್ಚಿ ಕಣ್ಣು ನೋಡಿದರು. ನಾಲಿಗೆ ಚಾಚಲು ಹೇಳಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

"ನಿಮ್ಮತ್ತೆ ಎಲ್ಲಾ ಹೇಳಿದ್ರು. ಒಂದು ಸಲಕ್ಕೆ ಹದಿನಾಲ್ಕು ಮಾತ್ರೆ. ನಿಜಾನಾ?"

ಓ, ಹಾಗಾದರೆ ಅದು ಕನಸಲ್ಲ! ಅತ್ತೆ ನನ್ನ ನಿದ್ದೆಯ ಗುಟ್ಟು ಬಿಟ್ಟುಕೊಟ್ಟದ್ದಲ್ಲದೆ, ನಿಮಿಷಕ್ಕೆ ಮಾತ್ರೆ ಎನ್ನುವುದನ್ನೂ ಇವರಿಗೆ ಕಲಿಸಿಬಿಟ್ಟಿದ್ದಾಳೆ ಎಂದುಕೊಂಡೆ. ಸುಳ್ಳು ಹೇಳಿ ಉಪಯೋಗವಿರಲಿಲ್ಲ.

"ನಿಜ ಸರ್. ಮೂರನೇದು, ಆರನೇದು ಮಾತ್ರ ಇಪ್ಪತ್ಮೂರು."

"ಎಷ್ಟು ದಿನದಿಂದ?"

"ಮೂರು ವಾರ ಆಯ್ತು."

"ಅಂಗಡೀಲೂ?"

"ಆರು ಗಂಟೆಗೆ ಒಂದೇ ಸಲ ಸರ್. ಒಳಗಿನ ಕೋಣೇಲಿ."

ಅವರು ಹಣೆ ಒರೆಸಿಕೊಂಡರು. "ನಮ್ಮ ದಾಸ್ತಾನಿಂದಾ?"

"ದಾಸ್ತಾನಿನ ಮೇಲೆ ಸರ್," ಎಂದು ತಿದ್ದಿದೆ. "ಕೆಮ್ಮಿನ ಸಿರಪ್ ಮೇಲೆ."

"ಸಿರಪ್ ಮೇಲೆ ಹದಿನಾಲ್ಕು!"

"ಅದೇ ಸ್ವಲ್ಪ ಮೆತ್ತಗಿರೋದು ಸರ್."

ಯಜಮಾನರು ಎದ್ದು ಹೋಗಿ ನೀರು ಕುಡಿದು ಬಂದರು. ನನಗೂ ಒಂದು ಲೋಟ ತಂದುಕೊಟ್ಟರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು; ಅದೇ ನನ್ನನ್ನು ಹೆದರಿಸಿತು.

"ನೋಡಮ್ಮ, ಇದನ್ನ ಬಿಡಿಸೋಕೆ ಆಸ್ಪತ್ರೆಗಳಿವೆ. ನಾಚ್ಕೊಳ್ಳೋದೇನಿಲ್ಲ. ಡಾಕ್ಟ್ರು ನೋಡಿ, ಸರಿಹೋಗಿದ್ದಾಳೆ ಅಂತ ಬರೆದುಕೊಡಲಿ. ಅಲ್ಲೀತನಕ ಪುಸ್ತಕಕ್ಕೆ ಸಹಿ ಹಾಕಲ್ಲ. ಲಕೋಟೆಗೂ ಕೈ ಹಚ್ಬೇಡ."

ನಿದ್ದೆ ಬಿಡಿಸುವ ಆಸ್ಪತ್ರೆ ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ. ಕಾಲೇಜಿನ ಪಕ್ಕದ ಚಿಕಿತ್ಸಾಲಯಕ್ಕೆ ಹೋಗಿ "ಕಡಿಮೆ ನಿದ್ದೆ ಮಾಡೋದನ್ನ ಬಿಡಬೇಕು" ಎಂದೆ. ಅಲ್ಲಿನ ವೈದ್ಯೆ "ಹಾಗಾದ್ರೆ ಜಾಸ್ತಿ ಮಾಡಿ" ಎಂದು ಮುಂದಿನವರನ್ನು ಕರೆದರು. ಅದನ್ನು ಬರೆದುಕೊಡಿ ಎಂದು ಕೇಳುವಷ್ಟು ಧೈರ್ಯ ಬರಲಿಲ್ಲ.

ಆ ದಿನದಿಂದ ಸಂಜೆ ಆರರ ನಿದ್ದೆ ನಿಂತಿತು. ಸಿರಪ್ಪಿನ ಕೋಣೆಗೆ ಬೀಗ ಬಿತ್ತು. ಯಜಮಾನರು ಮೂರು ಸಂಜೆ ಇಡೀ ಅಂಗಡಿಯ ಮಾತ್ರೆಗಳನ್ನು ಎಣಿಸಿದರು. ನಾನು ಹಿಂದೆ ಹಿಂದೆ ಏಣಿ ಹಿಡಿದುಕೊಂಡು ನಡೆದೆ. ನಾನು ಮಲಗಿ ಎಷ್ಟು ಸರಕು ಜಜ್ಜಿದ್ದೇನೆ ಎಂದು ನೋಡುತ್ತಿದ್ದಾರೆಂದೇ ನನ್ನ ಭಾವನೆ. ಗುರುವಾರ ಸಂಜೆ ಏಳಕ್ಕೆ ಎಣಿಕೆ ಮುಗಿಯಿತು. ಒಂದೂ ಕಡಿಮೆಯಿರಲಿಲ್ಲ. ತಲೆನೋವಿನ ಮಾತ್ರೆಯ ಒಂದು ಹಾಳೆ ಹೆಚ್ಚೇ ಇತ್ತು. ಯಜಮಾನರ ಗೊಂದಲ ಇಮ್ಮಡಿಯಾಯಿತು.

ಪುಸ್ತಕದಲ್ಲಿ ಅಂದಿಗೆ ಐನೂರು ಗಂಟೆ ತುಂಬುವುದಿತ್ತು. ಮಾರನೆಯ ದಿನವೇ ಶುಕ್ರವಾರ. ಡಾಕ್ಟರ ಕಾಗದವಿಲ್ಲ, ಸಹಿಯಿಲ್ಲ. ನಾನು ಪುಸ್ತಕವನ್ನು ಗಾಜಿನ ಪೆಟ್ಟಿಗೆಯ ಮೇಲಿಟ್ಟು, ಕೇಳಲೂ ಆಗದೆ ಬಿಡಲೂ ಆಗದೆ ನಿಂತಿದ್ದೆ. ಅಷ್ಟರಲ್ಲಿ ಅತ್ತೆ ಬಂದಳು, ಇಸ್ತ್ರಿ ಮಾಡಿದ ಕೋಟನ್ನು ಮಗುವಿನಂತೆ ಎರಡೂ ಕೈಯಲ್ಲಿ ಹೊತ್ತುಕೊಂಡು.

ಯಜಮಾನರು ಕೋಟು ನೋಡಲೇ ಇಲ್ಲ. "ಅಮ್ಮಾ, ಬೇ‍ಜಾರು ಮಾಡ್ಕೋಬೇಡಿ. ನೀವೂ ಅವಳ ಜೊತೆಗೇ ಆಸ್ಪತ್ರೆಗೆ ಸೇರ್ಕೊಳ್ಳೋದು ವಾಸಿ."

"ಅಯ್ಯೋ, ನನಗೇನಾಗಿದೆ?"

"ಮಾತ್ರೆ."

"ಮಾತ್ರೆಗೂ ಆಸ್ಪತ್ರೆಗೂ ಏನ್ರೀ ಸಂಬಂಧ?"

"ಔಷಧಿ ಅಂಗಡೀಲಿ ನಿಂತ್ಕೊಂಡು ಕೇಳೋ ಮಾತಾಮ್ಮ ಇದು?"

ಆಗ ನನಗೆ ಹೊಳೆಯಿತು. ಮೈಯೆಲ್ಲ ಬೆವರಿತು, ನಗುವೂ ಬಂತು, ಯಾವುದು ಮೊದಲೋ ತಿಳಿಯಲಿಲ್ಲ. "ಸರ್, ನೀವು ಹೇಳ್ತಿರೋದು ನುಂಗೋ ಮಾತ್ರೆನಾ?"

"ಮತ್ತೆ? ನೀನು ಹೇಳ್ತಿರೋದು ಯಾವುದು?"

"ಪದ್ಯದ್ದು ಸರ್."

ಯಜಮಾನರು ನಂಬಲಿಲ್ಲ. ಸಿಕ್ಕಿಬಿದ್ದವರು ಏನೇನೋ ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು. ಅತ್ತೆಗೆ ಮಾತ್ರ ರೇಗಿತು. ಕೋಟನ್ನು ನನ್ನ ಕೈಗೆ ತುರುಕಿ, ಬೆರಳಿನಿಂದ ಗಾಜಿನ ಮೇಲೆ ತಟ್ಟುತ್ತಾ, ನನ್ನ ಮೇಲೆ ತಾನೇ ಕಟ್ಟಿದ್ದ ಪದ್ಯವನ್ನು ಅಂಗಡಿ ಮೊಳಗುವಂತೆ ಎತ್ತಿಕೊಂಡಳು:

ಉದಯದಲಿ ಹದಿನಾಲ್ಕು ಮಾತ್ರೆಯು
ಹದದಿ ಮತ್ತೊಂದಷ್ಟೆ ನಿದ್ದೆಯು
ಇದಕೆ ಮೂರನೆ ಸಾಲು ಬಂದರೆ ನಿದ್ರೆ ಹೆಚ್ಚುವುದೈ
ಒದರುತಿರೆ ಗಡಿಯಾರ ಬಳಿಯಲಿ
ಬದಿಯ ಗೋಡೆಗೆ ಬೆನ್ನನೊರಗಿಸಿ
ಪದವ ಮುಗಿಸುವ ಮುನ್ನ ಗೊರಕೆಯ ಹೊಡೆದಳೀ ಸೊಸೆಯೂ

"ಆ ಕೊನೇ 'ಯೂ' ಇದೆಯಲ್ಲ, ಅದೇ ಗುರು," ಎಂದಳು ಏದುಸಿರಿನಲ್ಲಿ. "ಈಗ ಎಣಿಸಿ!"

ಯಜಮಾನರು ಎಣಿಸುವುದು ಒಂದೇ ರೀತಿ. ನೀಲಿ ತಟ್ಟೆ ಎಳೆದುಕೊಂಡರು, ಸೀಸೆಯಿಂದ ಬಿಳಿ ಮಾತ್ರೆಗಳನ್ನು ಸುರಿದರು, ಚಪ್ಪಟೆ ಕಡ್ಡಿ ಹಿಡಿದರು. "ಹೇಳಿ."

"ಉ-ದ-ಯ," ಎಂದಳು ಅತ್ತೆ. ಮೂರು ಮಾತ್ರೆ ಸರಿದವು. "ದಲಿ-ಹದಿ." ನಾಲ್ಕು. "ನಾಲ್-ಕು." ಎರಡೇ ಸರಿದವು. "ನಾ ದೀರ್ಘ, ಅದಕ್ಕೆರಡು!" ಇನ್ನೊಂದನ್ನು ಸರಿಸಿದರು. "ಮಾತ್-ರೆ-ಯು." ನಾಲ್ಕು. ಯಜಮಾನರು ಸರಿಸಿದ್ದನ್ನು ಮತ್ತೆ ಮೊದಲಿನಿಂದ ಎಣಿಸಿ, "ಹದಿನಾಲ್ಕು," ಎಂದರು. ಎರಡನೆಯ ಸಾಲು, ಹದಿನಾಲ್ಕು. ಮೂರನೆಯದು ಇಪ್ಪತ್ತಮೂರಾಗಿ ನಿಂತಾಗ ಅವರ ಮುಖ ನಿಧಾನವಾಗಿ ಅರಳಿತು. ದಾಸ್ತಾನು ತಾಳೆಯಾದಾಗಲೂ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಸರಿಯಾಗಿದೆಯಲ್ಲಮ್ಮ!"

"ಸರಿಯಾಗಿರದೆ? ನಮ್ಮಪ್ಪ ಸುಮ್ಮನೆ ತಲೆಗೆ ಹೊಡೀತಿದ್ರಾ?"

ಇಬ್ಬರೂ ನಕ್ಕರು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರು ದಿನ ಏಣಿ ಹತ್ತಿ ಇಳಿದದ್ದನ್ನು ನೆನೆದು ಮತ್ತೊಮ್ಮೆ ನಕ್ಕರು. ಹಾಗೇ ನಗುತ್ತಾ ನನ್ನ ನೀಲಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ಬಿಚ್ಚಿದರು.

ನಾನು ನಗುತ್ತಿರಲಿಲ್ಲ. ತಟ್ಟೆಯ ಮೇಲಿನ ಮೊದಲ ಗುಂಪನ್ನೇ ನೋಡುತ್ತಿದ್ದೆ. ಮೂರು, ನಾಲ್ಕು, ಮೂರು, ನಾಲ್ಕು. ಹದಿನಾಲ್ಕು ಬಿಳಿ ಮಾತ್ರೆ. ಒಂದು ಮುಷ್ಟಿ. ಶನಿವಾರ ನಾನು ಆ ಕ್ಷೌರಿಕರ ಲಕೋಟೆಯ ಮೇಲೆ ಬರೆದದ್ದು ಇಷ್ಟನ್ನೇ. ಕಾಗದದ ಮೇಲೆ ಅದು ನಾಲ್ಕು ಅಂಕೆಯಾಗಿತ್ತು. ಇಲ್ಲಿ ಒಬ್ಬ ಮುದುಕನ ಅಂಗೈ ತುಂಬುವಷ್ಟಿತ್ತು. ಬರೆದದ್ದನ್ನು ನಂಬಿ ನುಂಗುವವರು ಅವರು. ಎಚ್ಚರವಿದ್ದೇ ಬರೆದಿರುತ್ತೇವೆಂದು ನಂಬುವವರು.

"ಸರ್, ಸಹಿ ಹಾಕ್ಬೇಡಿ."

ಪೆನ್ನು ನಿಂತಿತು.

"ಅದರಲ್ಲಿ ಐನೂರು ಗಂಟೆ ಇಲ್ಲ. ಭಾನುವಾರ ಬಿಟ್ಟು ಹದಿನೆಂಟು ದಿನ, ದಿನಕ್ಕೆ ಹದಿನಾಲ್ಕು ನಿಮಿಷ ನಾನು ಒಳಗೆ ನಿದ್ದೆ ಮಾಡಿದೀನಿ. ಇನ್ನೂರ ಐವತ್ತೆರಡು ನಿಮಿಷ. ನಾಲ್ಕು ಗಂಟೆ ಹನ್ನೆರಡು ನಿಮಿಷ."

ಅತ್ತೆ ನನ್ನ ತೋಳು ಚಿವುಟಿದಳು. "ಕೇಳಿದ್ರೇನೇ ನಿನ್ನನ್ನ? ಸುಮ್ನಿರೋಕೇನು ಧಾಡಿ!"

ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆ ನೋಟದಲ್ಲಿ ಮೂರು ದಿನದ ಮರುಕ ಇರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು.

"ಮಾತ್ರೆ ತಗೊಂಡು ಆ ಲಕೋಟೆ ಬರೆದಿದ್ರೆ ಕಾಯಿಲೆ ಅನ್ಕೊಂಡು ಬಿಡ್ತಿದ್ದೆ," ಎಂದರು. "ನಿದ್ದೆಗೆಟ್ಟು ಬರೆದದ್ದಕ್ಕೆ ಬಿಡಲ್ಲ. ನಿದ್ದೆ ಮಾಡಿದ್ದು ತರಬೇತಿ ಅಲ್ಲ. ನಾಳೆ ಒಂಬತ್ತಕ್ಕೆ ಬಾ, ನಾಲ್ಕು ಗಂಟೆ ಹನ್ನೆರಡು ನಿಮಿಷ ನಿಲ್ಲು. ಮಲಗಿ ಎದ್ದು ಬಾ, ಹಾಗೇ ಬರ್ಬೇಡ."

ಆ ರಾತ್ರಿ ಎಂಟೂವರೆಗೆ ಹಾಸಿಗೆ ಬಿಡಿಸಿದೆ. ಅತ್ತೆಯ ಮುನಿಸು ಇನ್ನೂ ಇಳಿದಿರಲಿಲ್ಲ, ಆದರೂ ಬಾಗಿಲಲ್ಲಿ ನಿಂತು ಕೇಳಿದಳು, "ಇವತ್ತು ಎಷ್ಟು ಮಾತ್ರೆನೇ?"

"ಇವತ್ತು ಗದ್ಯ ಅತ್ತೆ," ಎಂದು ಹೊದ್ದುಕೊಂಡೆ.

ಶುಕ್ರವಾರ ಒಂಬತ್ತಕ್ಕೆ ಸರಿಯಾಗಿ ಅಂಗಡಿಯ ಬಾಗಿಲಲ್ಲಿದ್ದೆ. ಲೋಕ ಎಷ್ಟು ಸ್ಪಷ್ಟವಾಗಿತ್ತೆಂದರೆ ಸೀಸೆಗಳ ಮೇಲಿನ ಸಣ್ಣಕ್ಷರಗಳೂ ಕೂಗಿ ಕರೆಯುತ್ತಿದ್ದವು. ಯಜಮಾನರು ಹೊಸ ಕೋಟು ತೊಟ್ಟಿದ್ದರು. ನಾಲ್ಕು ಗಂಟೆಯಲ್ಲಿ ಮೂವತ್ತೊಂದು ಲಕೋಟೆ ಬರೆದೆ. ಪ್ರತಿಯೊಂದನ್ನೂ ಚೀಟಿಯ ಜೊತೆ ಎರಡು ಸಲ ತಾಳೆ ನೋಡಿದೆ. ಅವರು ಮೂರನೆಯ ಸಲ ನೋಡಿದರು.

ಒಂದು ಗಂಟೆ ಹತ್ತು ನಿಮಿಷಕ್ಕೆ ಒಬ್ಬ ತಾಯಿ ಬಂದರು. ಎರಡು ಚೀಟಿ, ಆರು ಔಷಧಿ, ಸೊಂಟದಲ್ಲಿ ಅಳುವ ಮಗು. ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ, ಯಾವುದನ್ನು ಹಾಲಿನ ಜೊತೆ ಕೊಡಬಾರದು ಎಂದು ಒಂದೊಂದನ್ನೇ ಹೇಳಿದೆ. ಅವರು ತಿರುಗಿ ಕೇಳಿದರು. ಮತ್ತೆ ಹೇಳಿದೆ. ಹೇಳುತ್ತಾ ಹೇಳುತ್ತಾ ಗಡಿಯಾರದ ಹನ್ನೆರಡು ನಿಮಿಷ ಎಲ್ಲಿ ದಾಟಿತೋ ನೋಡಲಿಲ್ಲ. ಅವರು ಮೆಟ್ಟಿಲಿಳಿದು ಹೋದಾಗ ಒಂದು ಇಪ್ಪತ್ತಾಗಿತ್ತು.

ಯಜಮಾನರು ಪುಸ್ತಕ ತೆಗೆದುಕೊಂಡು, ಬೆನ್ನು ತಿರುಗಿಸಿ ಏನೋ ಬರೆದು, ಸಹಿ ಹಾಕಿ, ಶಾಯಿ ಆರಲೆಂದು ಎರಡು ಸಲ ಊದಿ ಕೊಟ್ಟರು. "ಓಡು. ಬಸ್ಸಲ್ಲಿ ನಿಂತ್ಕೊಂಡೇ ಹೋಗು."

ನಿಂತುಕೊಂಡೇ ಹೋದೆ. ಖಾಲಿ ಸೀಟುಗಳಿದ್ದವು.

ಕಾಲೇಜಿನಲ್ಲಿ ಗುಮಾಸ್ತರ ಮೇಜಿನ ಮೇಲೆ ನೀಲಿ ಪುಸ್ತಕಗಳ ಗೋಪುರ. ಅವರು ನನ್ನದನ್ನು ತೆರೆದು, ಕೊನೆಯ ಪುಟಕ್ಕೆ ಬಂದು, ಹುಬ್ಬು ಗಂಟಿಕ್ಕಿದರು.

"ಎಲ್ಲರದ್ದೂ ಐನೂರು ಗಂಟೆ ಅಂತಿದೆ. ನಿಮ್ಮೋರು ಐನೂರು ಗಂಟೆ ಎಂಟು ನಿಮಿಷ ಅಂತ ಬರೆದಿದ್ದಾರಲ್ಲಮ್ಮ. ಈ ಎಂಟು ನಿಮಿಷ ಏನಿದು?"

ನಾನು ಬಗ್ಗಿ ನೋಡಿದೆ. ಹೌದು, ಹಾಗೆಯೇ ಇತ್ತು, ದುಂಡಗಿನ ಅಕ್ಷರದಲ್ಲಿ.

"ಗಡಿಯಾರ ನೋಡದೆ ಮಾಡಿದ್ದು ಸರ್," ಎಂದೆ.

ಅವರಿಗೆ ಏನು ಅರ್ಥವಾಯಿತೋ. ಮುದ್ರೆಯನ್ನು ಶಾಯಿಯ ದಿಂಬಿಗೆ ಒತ್ತಿ, ಪುಟದ ಮೇಲೆ ಧಡ್ ಎಂದು ಕುಕ್ಕಿ, "ಮುಂದಿನವರು," ಎಂದರು.